ಎಪಾನೆಟ್‌ನಲ್ಲಿ ಮೈನಸ್ ಫ್ಲೋ ಬಂದಾಗ ನಾನು ಏನ್ ನೋಡ್ತೀನಿ

ಹಳ್ಳಿ ಕುಡಿಯೋ ನೀರಿನ ಡಿಸೈನ್ ನನ್ನ ಕೆಲಸ. ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಪೈಪ್ ಲೈನ್ ಎಳೆದು, ಪೈಪಿನಲ್ಲಿ ನೀರಿನ ಹರಿವು (ಫ್ಲೋ), ಒತ್ತಡ (ಪ್ರೆಶರ್) ಲೆಕ್ಕ ಹಾಕೋ ಎಪಾನೆಟ್ ಸಾಫ್ಟ್‌ವೇರ್‌ಗೆ ತಗೊಂಡು ರನ್ ಮಾಡ್ತೀವಿ. ಹೊಸದಾಗಿ ಸೇರಿದ ಹುಡುಗರು ಟೇಬಲ್‌ನಲ್ಲಿ ಫ್ಲೋ ಮೈನಸ್ ಕಂಡ ತಕ್ಷಣ ಮಾಡೆಲ್ ಕೆಟ್ಟಿದೆ ಅಂತ ಗಾಬರಿ ಆಗ್ತಾರೆ, ಆದ್ರೆ ಅದು ಬರೀ ದಿಕ್ಕು, ಸ್ಟಾರ್ಟ್ ನೋಡ್‌ನಿಂದ (ನೋಡ್ ಅಂದ್ರೆ ಪೈಪಿನ ತುದಿಯ ಬಿಂದು) ಎಂಡ್ ನೋಡ್ ಕಡೆ ಹರಿದ್ರೆ ಪ್ಲಸ್ ಉಲ್ಟಾ ಹರಿದ್ರೆ ಮೈನಸ್, ನಾವು ಗೆರೆ ಎಳೆಯುವಾಗ ಮೊದಲು ಕ್ಲಿಕ್ ಮಾಡಿದ್ದೇ ಸ್ಟಾರ್ಟ್. 1936ರಲ್ಲಿ ಹಾರ್ಡಿ ಕ್ರಾಸ್ ಕೊಟ್ಟ ವಿಧಾನದಲ್ಲಿ ಕೈಲೆಕ್ಕ ಮಾಡುವಾಗಲೂ ಲೂಪ್‌ನಲ್ಲಿ, ಅಂದ್ರೆ ಪೈಪುಗಳು ಸುತ್ತಿ ಬಂದು ಮತ್ತೆ ಸೇರೋ ಸುತ್ತಿನಲ್ಲಿ, ಗಡಿಯಾರದ ದಿಕ್ಕಿಗೆ ಪ್ಲಸ್ ಅಂತ ಹಿಡ್ಕೊಂಡೇ ಶುರು ಮಾಡೋದು. ಪ್ರೆಶರ್ ಮೈನಸ್ ಬಂದ್ರೆ ಮಾತ್ರ ಬೇರೆ ಕಥೆ, ಅಲ್ಲಿಗೆ ನೀರು ಏರಲ್ಲ ಅಂತ ಅರ್ಥ, ಇವೆರಡನ್ನ ದಯವಿಟ್ಟು ಕಲಸಬೇಡಿ.

ನಾನು ಇಟ್ಕೊಂಡಿರೋ ಪದ್ಧತಿ ಅಂದ್ರೆ ಎಲ್ಲಾ ಲೈನನ್ನೂ ಓವರ್‌ಹೆಡ್ ಟ್ಯಾಂಕ್‌ನಿಂದ ಹೊರಗಡೆಗೆ ಎಳೆಯೋದು. ಹಂಗ್ ಮಾಡಿದ್ರೆ ಲೂಪ್ ಇಲ್ಲದ ಕವಲು ಲೈನೆಲ್ಲ ಪ್ಲಸ್ ಬರ್ಲೇಬೇಕು, ಅಲ್ಲೊಂದು ಮೈನಸ್ ಕಂಡ್ರೆ ಲೈನ್ ಎಳೆದ ದಿಕ್ಕೋ ಡಿಮ್ಯಾಂಡೋ (ನೋಡ್‌ನಲ್ಲಿ ಹೊರಗೆ ತಗೊಳ್ಳೋ ನೀರು) ಏನೋ ಎಡವಟ್ಟಾಗಿದೆ ಅಂತ ತಕ್ಷಣ ಗೊತ್ತಾಗತ್ತೆ. ಲೂಪ್ ಒಳಗಿನ ಮೈನಸ್ ಮುಟ್ಟಲ್ಲ, ಬೆಳಗ್ಗೆ ಪೀಕ್‌ನಲ್ಲಿ ಒಂದು ಕಡೆ ಹರಿದಿದ್ದು ಮಧ್ಯಾಹ್ನ ಇನ್ನೊಂದು ಕಡೆ ಹರಿಯಬಹುದು.

ಪಂಪು, ಚೆಕ್ ವಾಲ್ವು (ಒಂದೇ ಕಡೆಗೆ ನೀರು ಬಿಡೋದು), ಪಿಆರ್‌ವಿ (ಒತ್ತಡ ಇಳಿಸೋ ವಾಲ್ವು) ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು, ಯಾಕಂದ್ರೆ ಇಲ್ಲಿ ಸ್ಟಾರ್ಟ್ ಎಂಡ್ ಅನ್ನೋದು ಬರೀ ಚಿಹ್ನೆ ಅಲ್ಲ, ನೀರು ಯಾವ ಕಡೆ ಹೋಗ್ಬಹುದು ಅನ್ನೋದನ್ನೇ ತೀರ್ಮಾನ ಮಾಡತ್ತೆ. ಪಂಪ್ ಉಲ್ಟಾ ಹಾಕಿದ್ರೆ ಅದು ಟ್ಯಾಂಕ್‌ನಿಂದ ಸಂಪ್‌ಗೆ ನೀರು ತಳ್ಳೋಕೆ ಶುರು ಮಾಡತ್ತೆ. ಚೆಕ್ ವಾಲ್ವ್ ಇರೋ ಪೈಪ್ ಉಲ್ಟಾ ಆದ್ರೆ ಅದು ಮುಚ್ಕೊಳತ್ತೆ, ಇರೋದು ಅದೊಂದೇ ಲೈನಾದ್ರೆ ವಾರ್ನಿಂಗ್ ಬರತ್ತೆ, ಲೂಪ್‌ನಲ್ಲಿದ್ರೆ ನೀರು ಸದ್ದಿಲ್ಲದೆ ಸುತ್ತು ಹಾಕ್ಕೊಂಡು ಬೇರೆ ದಾರೀಲಿ ಹೋಗ್ಬಿಡತ್ತೆ, ವಾರ್ನಿಂಗೂ ಬರ್ದೇ ಇರಬಹುದು. ಅದಕ್ಕೇ ರನ್ ಮಾಡೋ ಮುಂಚೆ ಇವುಗಳ ಪ್ರಾಪರ್ಟಿ ಒಂದೊಂದಾಗಿ ತೆಗೆದು ಎರಡೂ ನೋಡ್ ಹೆಸರು ಓದ್ತೀನಿ, ಆಮೇಲೆ ಮ್ಯಾಪ್ ಮೇಲೆ ಫ್ಲೋ ಆ್ಯರೋ ಆನ್ ಮಾಡಿ ಕಣ್ಣಲ್ಲೂ ನೋಡ್ತೀನಿ.

ನೋಡ್‌ಗಳ ಲೆಕ್ಕ ಇದಕ್ಕಿಂತ ಬೇರೆ. ಅಲ್ಲಿ ಡಿಮ್ಯಾಂಡ್ ಪ್ಲಸ್ ಅಂದ್ರೆ ನೆಟ್‌ವರ್ಕ್‌ನಿಂದ ನೀರು ಹೊರಗೆ ತಗೊಳ್ಳೋದು, ಮೈನಸ್ ಹಾಕಿದ್ರೆ ಒಳಗೆ ಬಿಡೋದು. ರಿಸರ್ವಾಯರ್ ನೀರು ಕೊಡ್ತಿದ್ರೆ ಅದರ ನೆಟ್ ಇನ್‌ಫ್ಲೋ ಮೈನಸ್ ತೋರ್ಸತ್ತೆ, ಟ್ಯಾಂಕ್ ತುಂಬ್ತಿದ್ರೆ ಪ್ಲಸ್. ಬೋರ್‌ವೆಲ್ ನೀರು ನೇರ ಲೈನ್‌ಗೆ ಸೇರೋ ಕಡೆ ನೆಗೆಟಿವ್ ಡಿಮ್ಯಾಂಡ್ ಕೊಡೋರಿದ್ದಾರೆ, ಆ ಮೈನಸ್ ಬಿಟ್ಟುಹೋದ್ರೆ ನೀರು ಕೊಡಬೇಕಾದ ಬೋರ್‌ವೆಲ್ಲೇ ನೀರು ಕುಡಿಯೋ ಊರಿನ ಥರ ಆಗಿಬಿಡತ್ತೆ.

ಇನ್ನೊಂದು, ರಿಸಲ್ಟನ್ನ ಎಕ್ಸೆಲ್‌ಗೆ ಹಾಕಿ ಮ್ಯಾಕ್ಸಿಮಮ್ ಫ್ಲೋ ಹುಡುಕುವಾಗ ಮೈನಸ್ ಚಿಹ್ನೆ ತೆಗೆಯೋ ಎಬಿಎಸ್ ಫಂಕ್ಷನ್ ಹಾಕಿ, ಇಲ್ಲಾಂದ್ರೆ ಮೈನಸ್ 12 ಎಲ್‌ಪಿಎಸ್ (ಸೆಕೆಂಡಿಗೆ ಲೀಟರ್) ಹೋಗ್ತಿರೋ ಪೈಪು ಪಟ್ಟಿಯ ತಳದಲ್ಲಿ ಕೂತಿರತ್ತೆ.

ನನಗೆ ತುಂಬ ಉಪಯೋಗಕ್ಕೆ ಬರೋದು 24 ಗಂಟೆ ರನ್‌ನಲ್ಲಿ ಚಿಹ್ನೆ ಪದೇ ಪದೇ ಬದಲಾಗೋ ಸಣ್ಣ ಪೈಪುಗಳು. ಫ್ಲೋ ಸೊನ್ನೆ ಹತ್ತಿರಾನೇ ಆಡ್ತಿದ್ರೆ ಅಲ್ಲಿ ನೀರು ನಿಲ್ಲತ್ತೆ, ಕ್ಲೋರಿನ್ ಕಮ್ಮಿ ಆಗತ್ತೆ, ಹಾಗಾಗಿ ಡಿಸೈನ್‌ನಲ್ಲಿ ಅಲ್ಲೊಂದು ವಾಶ್‌ಔಟ್ ವಾಲ್ವ್ (ನಿಂತ ನೀರು ಹೊರಗೆ ಬಿಡೋ ವಾಲ್ವ್) ತೋರಿಸಿ, ಆಗಾಗ ತೆಗೆದು ನೀರು ಬಿಡಿ ಅಂತ ನೀರುಗಂಟಿಗೆ ಜಾಗ ತೋರ್ಸೇ ಬರ್ತೀನಿ.