ಓಡಿ ಖಾತೆಯಲ್ಲಿ ಬ್ಯಾಂಕಿನ ಎಡವಟ್ಟು: ತಕರಾರು ಬರೆಯುವುದು ಹೇಗೆ?

ದಾವಣಗೆರೆಯಲ್ಲಿ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಬ್ಯಾಂಕಿನ ಮೇಲೆ ಸಿಟ್ಟು ಬಂದವರು ನನ್ನ ಹತ್ತಿರ ಬರುವ ಹೊತ್ತಿಗೆ ಒಂದು ಸುತ್ತು ಜಗಳ ಮುಗಿದಿರುತ್ತದೆ. ಕೌಂಟರಿನಲ್ಲಿ ಕೂಗಾಡಿ, ಆಮೇಲೆ ಮ್ಯಾನೇಜರ್ ತರಿಸಿದ ಟೀ ಕುಡಿದು, ಐನೂರು ಚಿಲ್ಲರೆ ವಾಪಸ್ ಹಾಕಿಸಿಕೊಂಡು "ಬಿಡಲಿಲ್ಲ ಸಾರ್ ನಾನು" ಅನ್ನುತ್ತಾರೆ. ಕೂತು ಲೆಕ್ಕ ಹಾಕಿದರೆ ಬರಬೇಕಾದ್ದರಲ್ಲಿ ಮೂರನೇ ಒಂದು ಭಾಗವೂ ಬಂದಿರುವುದಿಲ್ಲ.

ಓಡಿ ಅಂದರೆ ಓವರ್‌ಡ್ರಾಫ್ಟ್. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆಯಬಹುದು, ತೆಗೆದಷ್ಟಕ್ಕೆ, ತೆಗೆದಷ್ಟು ದಿನಕ್ಕೆ ಬಡ್ಡಿ. ಕನ್ನಡದಲ್ಲಿ ಓದಿದರೆ ‘ಓಡಿ’ ಅಂತಲೇ ಕೇಳಿಸುತ್ತದೆ. ತಿಂಗಳ ಕೊನೆಗೆ ಅನೇಕರು ಓಡುವುದೂ ನಿಜ.

ನಮ್ಮ ಹಾರ್ಡ್‌ವೇರ್ ಅಂಗಡಿಯವರೊಬ್ಬರ ಕತೆ ಇಟ್ಟುಕೊಂಡೇ ಹೇಳುತ್ತೇನೆ. ಅವರ ಓಡಿ ಲಿಮಿಟ್ 5 ಲಕ್ಷ. ಒಂದು ಬುಧವಾರ 4,86,000 ತೆಗೆದಿದ್ದರು. ಅವತ್ತೇ ಸಂಜೆ 4.10ಕ್ಕೆ ಹರಿಹರದ ಗುತ್ತಿಗೆದಾರರು 1,80,000 ರೂಪಾಯಿ ನೆಫ್ಟ್ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ದಾರಿ) ಮಾಡಿದರು. ಅದು ಖಾತೆಗೆ ಬಂದಿದ್ದು ಶನಿವಾರ ಬೆಳಿಗ್ಗೆ 11.40ಕ್ಕೆ. ನಡುವೆ ಗುರುವಾರ ಸಿಮೆಂಟ್ ಡೀಲರ್‌ಗೆ ಕೊಟ್ಟಿದ್ದ 95,000ದ ಚೆಕ್ ವಾಪಸ್ ಹೋಯಿತು. ಶುಕ್ರವಾರ ವ್ಯಾನಿನ ಕಂತು 18,400 ಬೌನ್ಸ್ ಆಯಿತು. ದುಡ್ಡು ಬುಧವಾರವೇ ಬಿದ್ದಿದ್ದರೆ ಎರಡೂ ಆರಾಮಾಗಿ ಪಾಸಾಗುತ್ತಿದ್ದವು.

1. ಮೊದಲು ಡೀಲರ್‌ಗೆ ದುಡ್ಡು ಕೊಡಿ

ಬ್ಯಾಂಕಿನ ಜೊತೆ ಜಗಳ ಆಮೇಲೆ. ಬೌನ್ಸ್ ಆದ ಚೆಕ್ ಹಿಡಿದವರು ನೋಟಿಸ್ ಕೊಟ್ಟರೆ ದುಡ್ಡು ಕಟ್ಟಲು ನಿಮಗೆ ಉಳಿಯುವುದು 15 ದಿನ, ಆಮೇಲೆ ಅದು ಚೆಕ್ ಬೌನ್ಸಿನ 138ನೇ ಸೆಕ್ಷನ್ ಕೇಸು. ತಪ್ಪು ಬ್ಯಾಂಕಿನದ್ದು ಅಂತ ಡೀಲರ್ ಯಾಕೆ ಕಾಯಬೇಕು, ಅಲ್ವಾ? ಆನ್‌ಲೈನಿನಲ್ಲಿ ಕಳಿಸಿ, ಹಳೇ ಚೆಕ್ ಕೈಗೆ ವಾಪಸ್ ತಗೊಳ್ಳಿ. ತಗೊಳ್ಳದಿದ್ದರೆ ಅವರ ಹುಡುಗ ಮರೆತು ಇನ್ನೊಂದು ಸಲ ಅದನ್ನೇ ಬ್ಯಾಂಕಿಗೆ ಹಾಕಿಬಿಡುತ್ತಾನೆ. ಚೆಕ್ಕಿನ ಜೊತೆ ಬಂದ ರಿಟರ್ನ್ ಮೆಮೊದ (ಯಾಕೆ ವಾಪಸ್ ಅಂತ ಬ್ಯಾಂಕು ಬರೆದ ಚೀಟಿ) ಫೋಟೊ ತೆಗೆದಿಟ್ಟುಕೊಳ್ಳಿ.

2. ತಪ್ಪು ಯಾರದು ಅಂತ ಖಾತ್ರಿ ಮಾಡಿಕೊಳ್ಳಿ

ನೋವಾಗುವ ಹೆಜ್ಜೆ ಇದು. ಬ್ಯಾಂಕಿನ ತಪ್ಪು ಅಂತ ಬಂದವರಲ್ಲಿ ಕೆಲವರದು ಸ್ವಂತ ತಪ್ಪೇ ಆಗಿರುತ್ತದೆ. ಲಿಮಿಟ್ 5 ಲಕ್ಷ ಇದ್ದರೂ ನಿಮ್ಮ ಡಿಪಿ, ಅಂದರೆ ಡ್ರಾಯಿಂಗ್ ಪವರ್, ಸದ್ಯಕ್ಕೆ ನಿಜವಾಗಿ ತೆಗೆಯಬಹುದಾದ ಮಿತಿ, ಕಡಿಮೆ ಇರಬಹುದು. ಅಂಗಡಿಯ ಸರಕಿನ ಲೆಕ್ಕ, ಅಂದರೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡದೆ ಮೂರು ತಿಂಗಳು ಕೂತರೆ ಬ್ಯಾಂಕು ಡಿಪಿ ಇಳಿಸುತ್ತದೆ. ಮೆಮೊದಲ್ಲಿ ‘ಎಕ್ಸೀಡ್ಸ್ ಅರೇಂಜ್‌ಮೆಂಟ್’ ಅಂತಿದ್ದರೆ ಲಿಮಿಟ್ ಮೀರಿದೆ ಅಂತ ಅರ್ಥ. ಆ ದಿನದ ಡಿಪಿ ಎಷ್ಟಿತ್ತು ಅಂತ ಮೊದಲು ಕೇಳಿ.

ಎರಡನೆಯದು, ದುಡ್ಡು ಯಾರ ಬ್ಯಾಂಕಿನಲ್ಲಿ ನಿಂತಿತ್ತು? ಕಳಿಸಿದವರಿಂದ ಯುಟಿಆರ್ ನಂಬರ್ (ಪ್ರತಿ ವರ್ಗಾವಣೆಗೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ) ಮತ್ತು ಅವರ ಖಾತೆಯಿಂದ ದುಡ್ಡು ಕಟ್ ಆದ ಸಮಯ ತರಿಸಿಕೊಳ್ಳಿ. ಸುಮ್ನೆ "ಕಳಿಸಿದೀನಿ ಅಣ್ಣ" ಅನ್ನುವ ವಾಟ್ಸಾಪ್ ಮೆಸೇಜು ಸಾಕಾಗಲ್ಲ. ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆಯೂ ನಡೆಯುತ್ತದೆ, ಅರ್ಧ ಗಂಟೆಗೊಂದು ಬ್ಯಾಚು. ಬ್ಯಾಚು ಮುಗಿದ 2 ಗಂಟೆಯೊಳಗೆ ನಿಮ್ಮ ಬ್ಯಾಂಕು ಜಮಾ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಹಾಗಾಗಿ 4.10ಕ್ಕೆ ಹೊರಟ ದುಡ್ಡು 4.30ರ ಬ್ಯಾಚಿಗೆ ಸೇರುತ್ತದೆ, ಸಂಜೆ 6.30 ಗಡುವು. "ರಜೆ ಇತ್ತು, ಸಂಜೆ ಆಗಿತ್ತು" ಅನ್ನುವ ಸಬೂಬು ಈಗ ನಡೆಯಲ್ಲ. ಕಳಿಸಿದವರೇ ಖಾತೆ ನಂಬರ್ ತಪ್ಪು ಹಾಕಿದ್ದರೆ ಮಾತ್ರ ನಿಮ್ಮ ಬ್ಯಾಂಕಿನ ಮೇಲೆ ಹೋಗಬೇಡಿ. ನೆಫ್ಟ್‌ನಲ್ಲಿ ದುಡ್ಡು ಬೀಳುವುದು ಖಾತೆ ನಂಬರಿಗೆ, ಹೆಸರಿಗಲ್ಲ.

ಯುಪಿಐ, ಐಎಂಪಿಎಸ್‌ನದು ಬೇರೆ ನಿಯಮ. ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಕಟ್ ಆಗಿ ತಲುಪದಿದ್ದರೆ ಮಾರನೇ ದಿನದೊಳಗೆ ಸರಿಯಾಗಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಮಾಡಿದ್ದು. ಕೇಳದಿದ್ದರೂ ಕೊಡಬೇಕು ಅಂತಿದೆ. ನಾನಂತೂ ಕೇಳಿಯೇ ಕೇಳುತ್ತೇನೆ.

3. ಸರಿಯಾದ ಸ್ಟೇಟ್‌ಮೆಂಟ್ ತಗೊಳ್ಳಿ

ಪಾಸ್‌ಬುಕ್ ಬೇಡ, ಆ್ಯಪ್‌ನ ಸ್ಕ್ರೀನ್‌ಶಾಟೂ ಬೇಡ. ಶಾಖೆಯಿಂದ ಸೀಲು ಹಾಕಿದ ಸ್ಟೇಟ್‌ಮೆಂಟ್ ಕೇಳಿ. ಅದರಲ್ಲಿ ಎರಡು ದಿನಾಂಕದ ಕಾಲಂ ಇರಲಿ: ಟ್ರಾನ್ಸಾಕ್ಷನ್ ಡೇಟ್ ಒಂದು, ವ್ಯಾಲ್ಯೂ ಡೇಟ್ ಇನ್ನೊಂದು. ಬಡ್ಡಿ ಲೆಕ್ಕ ಎರಡನೆಯದನ್ನು ಹಿಡಿದು ನಡೆಯುತ್ತದೆ. ಅಂದಹಾಗೆ, ಸ್ಟೇಟ್‌ಮೆಂಟನ್ನು ಪುಕ್ಕಟೆ ಎಕ್ಸೆಲ್ ಮಾಡಿಕೊಡುವ ವೆಬ್‌ಸೈಟುಗಳಿವೆ. ನಿಮ್ಮ ಇಡೀ ವ್ಯಾಪಾರವನ್ನು ಗೊತ್ತಿಲ್ಲದವರ ಕೈಗೆ ಕೊಟ್ಟ ಹಾಗೆ ಅದು. ನಾಲ್ಕು ದಿನದ ಲೆಕ್ಕಕ್ಕೆ ಪೆನ್ನು, ಹಾಳೆ ಸಾಕು.

4. ಸರಪಳಿ ಲೆಕ್ಕ

ಎಲ್ಲರೂ ಕೆಡಿಸುವುದು ಇಲ್ಲೇ. ದುಡ್ಡು ತಡವಾಗಿ ಬಂದದ್ದು ಒಂದು ತಪ್ಪು. ಆದರೆ ಆ ಒಂದು ತಪ್ಪು ಐದು ಕಡೆ ಕೈ ಹಾಕಿರುತ್ತದೆ. ಚೆಕ್ ಬೌನ್ಸಿನ ಚಾರ್ಜು ಕಣ್ಣಿಗೆ ಹೊಡೆಯುತ್ತದೆ, ಅದನ್ನಷ್ಟೇ ಕೇಳುತ್ತಾರೆ. ಮ್ಯಾನೇಜರ್‌ಗೂ ಅದೇ ಬೇಕು. "ಈ ಸಲ ಬಿಟ್ಟುಕೊಡ್ತೀವಿ" ಅಂತ 590 ವಾಪಸ್ ಹಾಕಿ ಕೈ ಕುಲುಕುತ್ತಾರೆ. ಉಳಿದ ನಾಲ್ಕು ಹಾಗೇ ಮಣ್ಣಾಗುತ್ತವೆ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ದಿನ, ಖಾತೆಯಲ್ಲಿ ನಿಜಕ್ಕೂ ನಡೆದದ್ದು, ದುಡ್ಡು ಹೊತ್ತಿಗೆ ಬಂದಿದ್ದರೆ ನಡೆಯಬೇಕಿದ್ದದ್ದು, ವ್ಯತ್ಯಾಸ. ನಮ್ಮವರ ಹಾಳೆ ಹೀಗಿತ್ತು.

ಬುಧವಾರ ರಾತ್ರಿ ಸಾಲ 4,86,000. ದುಡ್ಡು ಬಂದಿದ್ದರೆ 3,06,000. ಗುರುವಾರ 95,000ದ ಚೆಕ್ ಬಂತು. 4,86,000ಕ್ಕೆ ಕೂಡಿದರೆ 5,81,000, ಲಿಮಿಟ್ ಮೀರಿತು, ವಾಪಸ್. ದುಡ್ಡು ಬಂದಿದ್ದರೆ 4,01,000, ಪಾಸ್. ಶುಕ್ರವಾರ ಕಂತು 18,400. ನಿಜದಲ್ಲಿ 5,04,400, ಬೌನ್ಸ್. ದುಡ್ಡು ಬಂದಿದ್ದರೆ 4,19,400, ಪಾಸ್. ಹೀಗೆ ದಿನದಿನವೂ ಅಕ್ಕಪಕ್ಕ ಬರೆದಾಗ ಯಾರಿಗೂ ವಾದ ಮಾಡಲು ಜಾಗ ಉಳಿಯಲ್ಲ.

ಈಗ ನಷ್ಟ. ಚೆಕ್ ವಾಪಸಾತಿಗೆ ಬ್ಯಾಂಕು ಹಿಡಿದದ್ದು 500, ಅದರ ಮೇಲೆ ಶೇ 18ರ ಜಿಎಸ್‌ಟಿ 90, ಒಟ್ಟು 590. ಕಂತಿನ ಬೌನ್ಸಿಗೆ ಇನ್ನೊಂದು 590. ವ್ಯಾನಿನ ಸಾಲ ಕೊಟ್ಟ ಕಂಪನಿ ತನ್ನ ಕಡೆಯಿಂದ ಹಾಕಿದ್ದು 590. ಸಿಮೆಂಟ್ ಡೀಲರ್ ತನ್ನ ಬ್ಯಾಂಕು ಕಿತ್ತುಕೊಂಡ 177ನ್ನು ಮುಂದಿನ ಬಿಲ್ಲಿಗೆ ಸೇರಿಸಿದ.

ಐದನೆಯದು ಬಡ್ಡಿ. ಇದನ್ನು ಯಾರೂ ನೋಡಲ್ಲ, ಯಾಕೆಂದರೆ ಅವತ್ತು ಕಾಣಿಸುವುದೇ ಇಲ್ಲ. ತಿಂಗಳ ಕೊನೆಗೆ ಇಡೀ ತಿಂಗಳ ಬಡ್ಡಿಯ ಜೊತೆ ಒಂದೇ ಸಾಲಿನಲ್ಲಿ ಬೀಳುತ್ತದೆ. ಓಡಿಯಲ್ಲಿ ಪ್ರತಿ ದಿನದ ಕೊನೆಯ ಬಾಕಿಗೆ ಬಡ್ಡಿ. ಬುಧ, ಗುರು, ಶುಕ್ರ, ಮೂರು ರಾತ್ರಿ 1,80,000 ಜಾಸ್ತಿ ಸಾಲ ತೋರಿಸಿತ್ತು. 1,80,000 ಗುಣಿಸು ಅವರ ಓಡಿಯ ಬಡ್ಡಿ ದರ ಶೇ 11 ಅಂದರೆ ವರ್ಷಕ್ಕೆ 19,800. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 54 ರೂಪಾಯಿ 25 ಪೈಸೆ. ಮೂರು ದಿನಕ್ಕೆ 163. ನಿಮ್ಮ ದರ ಬೇರೆ ಇದ್ದರೆ 11ರ ಜಾಗದಲ್ಲಿ ಅದನ್ನು ಹಾಕಿ.

ಒಟ್ಟು 2,110 ರೂಪಾಯಿ. ಮ್ಯಾನೇಜರ್ ಕೊಡಲು ಬಂದದ್ದು 590.

ಒಂದು ಸೂಕ್ಷ್ಮ. ನೆಫ್ಟ್ ತಡವಾದರೆ ಬ್ಯಾಂಕು ರೆಪೊ ದರದ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೇಲೆ ಶೇ 2 ಸೇರಿಸಿ ದಂಡ ಬಡ್ಡಿ ಕೊಡಬೇಕು ಅಂತ ನಿಯಮವಿದೆ. ಅದನ್ನೂ ಕೇಳಿ, ಓಡಿ ಬಡ್ಡಿಯನ್ನೂ ಕೇಳಿ ಅನ್ನುವವರಿದ್ದಾರೆ. ನಾನು ಕೇಳಿಸುವುದಿಲ್ಲ. ಒಂದೇ ದುಡ್ಡಿಗೆ ಎರಡು ಸಲ ಕೈ ಚಾಚಿದರೆ ಇಡೀ ಹಾಳೆಯ ಮೇಲೆ ಅನುಮಾನ ಬರುತ್ತದೆ. ಜಮಾದ ವ್ಯಾಲ್ಯೂ ಡೇಟನ್ನು ಬುಧವಾರಕ್ಕೆ ಸರಿಪಡಿಸಿ ಅಂತ ಕೇಳಿ. ಆಗ ಬಡ್ಡಿ ತಾನಾಗಿ ಸರಿಹೋಗುತ್ತದೆ. ಆಗಲ್ಲ ಅಂದರೆ ಮಾತ್ರ ದಂಡ ಬಡ್ಡಿ.

ಕೆಲವು ಬ್ಯಾಂಕುಗಳು ಚೆಕ್ ವಾಪಸ್ ಕಳಿಸದೆ, ಲಿಮಿಟ್ ಮೀರಿಯೂ ಪಾಸ್ ಮಾಡಿ ದಂಡ ಶುಲ್ಕ ಹಾಕುತ್ತವೆ. ಹಾಗಾಗಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, ಅದನ್ನೂ ನೋಡಿ. ಓಡಿ ಇಲ್ಲದ ಉಳಿತಾಯ ಖಾತೆಯವರಿಗೊಂದು ಮಾತು: ಕನಿಷ್ಠ ಬಾಕಿ ಇಲ್ಲ ಅಂತ ಹಾಕಿದ ದಂಡದಿಂದಲೇ ನಿಮ್ಮ ಖಾತೆ ಮೈನಸ್‌ಗೆ ಇಳಿಯುವಂತಿಲ್ಲ. ಇದು 2015ರಿಂದಲೇ ಇದೆ.

5. ಅರ್ಜಿ ಬರೆಯಿರಿ

ಒಂದೇ ಪುಟ. "ಇಪ್ಪತ್ತು ವರ್ಷದಿಂದ ನಿಮ್ಮ ಗ್ರಾಹಕ", "ಮಾನಸಿಕವಾಗಿ ನೊಂದಿದ್ದೇನೆ", "ಮಾಧ್ಯಮಕ್ಕೆ ಹೋಗುತ್ತೇನೆ" ಯಾವುದೂ ಬೇಡ. ಮೂರು ಪುಟ ಬರೆದುಕೊಂಡು ಬಂದವರ ಅರ್ಜಿಯಲ್ಲಿ ಯುಟಿಆರ್ ನಂಬರೇ ಇಲ್ಲದ್ದನ್ನು ನೋಡಿದ್ದೇನೆ. ಇಷ್ಟು ಸಾಕು:

"ಇಂಥ ದಿನಾಂಕ ಸಂಜೆ 4.10ಕ್ಕೆ ಕಳಿಸಿದ 1,80,000 ರೂಪಾಯಿ (ಯುಟಿಆರ್ ನಂಬರ್ ಇದು) ನನ್ನ ಖಾತೆಗೆ ಇಂಥ ದಿನಾಂಕ 11.40ಕ್ಕೆ ಜಮಾ ಆಗಿದೆ. ಇದರಿಂದ ಆದ ನಷ್ಟದ ಪಟ್ಟಿ ಲಗತ್ತಿಸಿದೆ. ಜಮಾದ ವ್ಯಾಲ್ಯೂ ಡೇಟ್ ಸರಿಪಡಿಸಿ, ಅದರಿಂದ ಸರಿಹೋಗುವ ಬಡ್ಡಿಯೂ ಸೇರಿ ಪಟ್ಟಿಯಲ್ಲಿರುವ 2,110 ರೂಪಾಯಿ ವಾಪಸ್ ಕೊಡಿ. ಕಂತು ಬೌನ್ಸ್ ಆಗಿದ್ದು ನನ್ನ ತಪ್ಪಿನಿಂದಲ್ಲ ಎಂದು ಸಾಲದ ಕಂಪನಿಗೆ ತೋರಿಸಲು ಪತ್ರ ಕೊಡಿ."

ಕೊನೆಯ ಸಾಲು ಮರೆಯಬೇಡಿ. 590 ಹೋದರೆ ಹೋಗಲಿ, ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲಿ ಕಂತು ತಪ್ಪಿದ ಗುರುತು ಕೂತರೆ ಮುಂದಿನ ಸಾಲಕ್ಕೆ ಅಡ್ಡ ಬರುತ್ತದೆ. ಬೇಕಿದ್ದರೆ ಇನ್ನೊಂದು ಸಾಲು ಸೇರಿಸಿ: ಖಾತೆಯಲ್ಲಿ ಸಾಕಷ್ಟು ದುಡ್ಡಿದ್ದೂ ಚೆಕ್ ಪಾಸ್ ಮಾಡದಿದ್ದರೆ ನಷ್ಟ ತುಂಬಿಕೊಡಬೇಕು ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಇಟ್ಟು ಬರಬೇಡಿ. ಅದೇ ದಿನ ಬ್ಯಾಂಕಿನ ವೆಬ್‌ಸೈಟಿನಲ್ಲೂ ದೂರು ಹಾಕಿ ನಂಬರ್ ತಗೊಳ್ಳಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಕಳ್ಳರು ಅಲ್ಲೇ ಕಾಯುತ್ತಿರುತ್ತಾರೆ. ಪಾಸ್‌ಬುಕ್ಕಿನ ಹಿಂದೆ ಇರುವುದು ಸಾಕು. ಟ್ವಿಟರ್‌ನಲ್ಲಿ ಬ್ಯಾಂಕನ್ನು ಟ್ಯಾಗ್ ಮಾಡುವುದು ಸುಲಭದ ದಾರಿ ಅಂತ ಹುಡುಗರು ಹೇಳುತ್ತಾರೆ. ಅದೇ ಬ್ಯಾಂಕಿನ ಹೆಸರಲ್ಲಿ ನಕಲಿ ಖಾತೆಯವನು ಮೊದಲು ಉತ್ತರ ಕೊಡುತ್ತಾನೆ.

6. ಮೂವತ್ತು ದಿನ ಕಾಯಿರಿ, ಆಮೇಲೆ ಒಂಬುಡ್ಸ್‌ಮನ್

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ದೂರು ಕೇಳಿ ತೀರ್ಮಾನ ಮಾಡುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. 2021ರ ನವೆಂಬರಿನಿಂದ ಹೆಚ್ಚಿನ ಬ್ಯಾಂಕುಗಳಿಗೆ ಒಂದೇ ಕಿಟಕಿ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ವೆಬ್‌ಸೈಟಿನಲ್ಲಿ ಹಾಕಬಹುದು, ಇಲ್ಲವೇ ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಫೀಸು ಇಲ್ಲ, ವಕೀಲರು ಬೇಕಿಲ್ಲ. ಗೆದ್ದ ದುಡ್ಡಿನಲ್ಲಿ ಪಾಲು ಕೊಡಿ ಅನ್ನುವ ಏಜೆಂಟರು ಈಗ ಹುಟ್ಟಿಕೊಂಡಿದ್ದಾರೆ, ಬಾಗಿಲು ತೋರಿಸಿ.

ಸೀದಾ ಇಲ್ಲಿಗೇ ಬರುವವರ ದೂರು ಓದುವ ಮೊದಲೇ ಮುಚ್ಚಿಹೋಗುತ್ತದೆ. ಬ್ಯಾಂಕಿಗೆ ಮೊದಲು ಕೊಟ್ಟದ್ದಕ್ಕೆ ಸಾಕ್ಷಿ ಕೇಳುತ್ತಾರೆ, ಆ ಸೀಲು ಹಾಕಿಸಿಕೊಂಡ ಪ್ರತಿ ಇದಕ್ಕೇ. ಹಾಗೆಯೇ "ಲಿಮಿಟ್ ಜಾಸ್ತಿ ಮಾಡಲಿಲ್ಲ" ಅನ್ನುವುದನ್ನು ಇದರಲ್ಲಿ ತುರುಕಬೇಡಿ. ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ, ಒಂಬುಡ್ಸ್‌ಮನ್ ನೋಡುವುದಿಲ್ಲ.

ಗ್ರಾಹಕರ ಆಯೋಗವೂ ಇದೆ, ಎರಡು ವರ್ಷದೊಳಗೆ ಹೋಗಬೇಕು. ಆದರೆ ಅಂಗಡಿಯ ಓಡಿ ಅಂದ ಕೂಡಲೇ ‘ಇದು ವ್ಯಾಪಾರದ ಖಾತೆ, ನೀವು ಗ್ರಾಹಕರೇ ಅಲ್ಲ’ ಅನ್ನುವ ವಾದ ಬರುತ್ತದೆ. ಹೊಟ್ಟೆಪಾಡಿನ ಸ್ವಂತ ಉದ್ಯೋಗ ಅಂತ ತೋರಿಸಬೇಕು. ಎರಡು ಸಾವಿರಕ್ಕೆ ನಾನಂತೂ ಹೋಗಲ್ಲ.

ದುಡ್ಡು ವಾಪಸ್ ಬಂದ ದಿನ ಜಿಎಸ್‌ಟಿಯೂ ಸೇರಿ ಬಂದಿದೆಯಾ ನೋಡಿ. 500 ಹಾಕಿ 90 ಮರೆಯುವುದು ಸಾಮಾನ್ಯ. ನಮ್ಮ ಹಾರ್ಡ್‌ವೇರ್‌ನವರಿಗೆ ಒಂಬುಡ್ಸ್‌ಮನ್ ತನಕ ಹೋಗುವ ಕೆಲಸ ಬೀಳಲಿಲ್ಲ. ಹತ್ತೊಂಬತ್ತನೇ ದಿನ ಬ್ಯಾಂಕಿನಿಂದ 1,343 ಬಂತು, ಜೊತೆಗೆ ಎರಡು ಸಾಲಿನ ಪತ್ರ. ಆ ಪತ್ರ ನೋಡಿ ಸಾಲದ ಕಂಪನಿ ತನ್ನ 590 ಬಿಟ್ಟಿತು. ಉಳಿದ 177 ಇನ್ನೂ ಸಿಮೆಂಟ್ ಡೀಲರ್ ಬಿಲ್ಲಿನಲ್ಲಿ ಹಳೇ ಬಾಕಿ ಅಂತ ಕೂತಿದೆ. ಪ್ರತಿ ತಿಂಗಳು ಅದನ್ನು ನೋಡಿ ಇಬ್ಬರೂ ನಗುತ್ತಾರೆ, ಇಬ್ಬರೂ ಹೊಡೆದು ಹಾಕಿಲ್ಲ.