ಕೆಮಿಕಲ್ ಟ್ರೇಡಿಂಗ್ ಕಂಪನಿ: ಬೆಳೆಸುವ ಮೊದಲು ಬೇರ್ಪಡಿಸಿ

ಮಾರಾಟ ವರ್ಷ ವರ್ಷ ಏರುತ್ತಿದೆ. ಗೋದಾಮಿನಲ್ಲಿ ಡ್ರಮ್ ಇಡಲು ಜಾಗವಿಲ್ಲ. ಆದರೆ ತಿಂಗಳ ಕೊನೆಗೆ ಪೂರೈಕೆದಾರರಿಗೆ ಕೊಡಲು ಖಾತೆಯಲ್ಲಿ ದುಡ್ಡಿಲ್ಲ. ರಾಸಾಯನಿಕ ಕೊಂಡು ಮಾರುವ ಕಂಪನಿಗಳಲ್ಲಿ ಇದು ಮಾಮೂಲಿ ಕಾಯಿಲೆ. ಆಗ ಮಾಲೀಕರು ಮಾಡುವುದು ಎರಡೇ ಕೆಲಸ. ಒಂದು, ಇನ್ನೂ ದೊಡ್ಡ ಮಾರಾಟದ ಗುರಿ ಕೊಡುತ್ತಾರೆ. ಇನ್ನೊಂದು, ನಾಲ್ಕು ಜನರ ಹುದ್ದೆಯ ಹೆಸರು ಬದಲಿಸಿ ಅದನ್ನೇ ಮರುಸಂಘಟನೆ ಅನ್ನುತ್ತಾರೆ. ಎರಡರಿಂದಲೂ ಕಾಯಿಲೆ ಜಾಸ್ತಿಯೇ ಆಗುತ್ತದೆ.

ಒಂದೇ ಬೋರ್ಡಿನ ಕೆಳಗೆ ಅಲ್ಲಿ ಎರಡು ಬೇರೆ ವ್ಯಾಪಾರ ನಡೆಯುತ್ತಿರುತ್ತದೆ. ಕಾಸ್ಟಿಕ್ ಸೋಡಾ, ಟೊಲುಯೀನ್, ಅಸಿಟೋನ್ ಮುಂತಾದವು ಯಾರ ಬಳಿ ಕೊಂಡರೂ ಅದೇ ಸರಕು. ಅಲ್ಲಿ ದರ ಮತ್ತು ಸಮಯಕ್ಕೆ ತಲುಪಿಸುವುದಷ್ಟೇ ಲೆಕ್ಕ. ಬಣ್ಣಕ್ಕೆ ಹಾಕುವ ಅಡಿಟಿವ್, ಸೌಂದರ್ಯವರ್ಧಕದಲ್ಲಿ ಎಣ್ಣೆ-ನೀರು ಬೆರೆತಿರಲು ಬೇಕಾದ ಎಮಲ್ಸಿಫೈಯರ್ ಹಾಗಲ್ಲ. ಇದನ್ನು ಎಷ್ಟು ಹಾಕಬೇಕು, ಯಾವುದರ ಜೊತೆ ಹೊಂದುತ್ತದೆ ಎಂದು ಹೇಳಿಕೊಡುವವರಿದ್ದರೆ ಮಾತ್ರ ಮಾರಾಟ. ಮೊದಲನೆಯದನ್ನು ಕಮಾಡಿಟಿ, ಎರಡನೆಯದನ್ನು ಸ್ಪೆಷಾಲಿಟಿ ಎಂದು ಈ ಧಂದೆಯಲ್ಲಿ ಕರೆಯುತ್ತಾರೆ. ಎರಡನ್ನೂ ಒಂದೇ ಕೋಲಿನಿಂದ ಅಳೆದರೆ ಎರಡೂ ಕೆಡುತ್ತವೆ.

ಮೊದಲು ಹೆಸರುಗಳನ್ನು ಸರಿಮಾಡಿ

ಯಾರೂ ಇಷ್ಟಪಡದ ಕೆಲಸ ಇದು. ಆದರೂ ಇಲ್ಲಿಂದಲೇ ಶುರುಮಾಡಬೇಕು. ಹಳೇ ಕಂಪನಿಯ ಸಾಫ್ಟ್‌ವೇರ್ ತೆರೆದರೆ ಒಂದೇ ಸರಕು ನಾಲ್ಕು ಹೆಸರಿನಲ್ಲಿ ಕೂತಿರುತ್ತದೆ: ಐಪಿಎ, ಐಸೊಪ್ರೊಪನಾಲ್, ಐಸೊಪ್ರೊಪೈಲ್ ಆಲ್ಕೋಹಾಲ್, 2-ಪ್ರೊಪನಾಲ್. ಎಲ್ಲವೂ ಒಂದೇ. ಅದರ ಸಿಎಎಸ್ ಸಂಖ್ಯೆ 67-63-0. ಪ್ರತಿ ರಾಸಾಯನಿಕಕ್ಕೂ ಇಂಥ ಒಂದು ಸಂಖ್ಯೆ ಇರುತ್ತದೆ. ಅದನ್ನು ಹಿಡಿದುಕೊಂಡು ಪಟ್ಟಿ ಒಗ್ಗೂಡಿಸಿ. ಆದರೆ ಗ್ರೇಡ್, ಅಂದರೆ ಶುದ್ಧತೆಯ ಮಟ್ಟ, ಬೇರೆ ಇದ್ದರೆ ಬೇರೆಯಾಗಿಯೇ ಇಡಿ. ಔಷಧಿಗೆ ಹೋಗುವುದೂ ಕಾರ್ಖಾನೆ ತೊಳೆಯಲು ಹೋಗುವುದೂ ಒಂದೇ ಸಂಖ್ಯೆಯಲ್ಲಿರಬಹುದು. ಹಾಗಂತ ಒಂದೇ ಸಾಲಿಗೆ ಸೇರಿಸುವಂತಿಲ್ಲ.

ಈ ಪಟ್ಟಿ ಸರಿಯಿಲ್ಲದೆ ಮುಂದಿನ ಯಾವ ಲೆಕ್ಕವೂ ನಂಬುವ ಹಾಗಿರುವುದಿಲ್ಲ.

ದುಡ್ಡು ಎಲ್ಲಿ ಕೂತಿದೆ ನೋಡಿ

ಹೆಚ್ಚಿನವರು ಲಾಭದ ಶೇಕಡಾವಾರು ನೋಡಿ ನಿಲ್ಲಿಸುತ್ತಾರೆ. ಸ್ವಲ್ಪ ಚುರುಕಿದ್ದವರು ದಾಸ್ತಾನು ವರ್ಷಕ್ಕೆ ಎಷ್ಟು ಸಲ ತಿರುಗುತ್ತದೆ ಎಂದು ನೋಡುತ್ತಾರೆ. ಅದೂ ಸಾಲದು. ಒಂದು ಉದಾಹರಣೆ ಕಟ್ಟಿಕೊಳ್ಳೋಣ.

ಒಂದು ಸಾಲ್ವೆಂಟ್, ಅಂದರೆ ಬೇರೆ ವಸ್ತು ಕರಗಿಸುವ ದ್ರವ, ಇದೆ. 100ಕ್ಕೆ ಕೊಂಡರೆ 5 ಉಳಿಯುತ್ತದೆ. 30 ದಿನದಲ್ಲಿ ಗೋದಾಮು ಖಾಲಿ, ಅಂದರೆ ವರ್ಷಕ್ಕೆ 12 ಸುತ್ತು. ಇನ್ನೊಂದು ಕಡೆ ಸ್ಪೆಷಾಲಿಟಿ ಅಡಿಟಿವ್. 100ಕ್ಕೆ 22 ಉಳಿಯುತ್ತದೆ. ಆದರೆ 120 ದಿನ ಗೋದಾಮಿನಲ್ಲೇ ಕೂತಿರುತ್ತದೆ, ವರ್ಷಕ್ಕೆ 3 ಸುತ್ತು. ಹೀಗೆ ನೋಡಿದರೆ ಸಾಲ್ವೆಂಟಿನಿಂದ ವರ್ಷಕ್ಕೆ 60, ಅಡಿಟಿವ್‌ನಿಂದ 66. ಎರಡೂ ಸರಿಸುಮಾರು ಸಮ, ಅಲ್ವಾ?

ಈಗ ಉದ್ರಿ ಸೇರಿಸಿ. ಸಾಲ್ವೆಂಟ್ ಕೊಳ್ಳುವ ಗಿರಾಕಿ 90 ದಿನಕ್ಕೆ ದುಡ್ಡು ಕೊಡುತ್ತಾನೆ. ಅಡಿಟಿವ್ ಗಿರಾಕಿ 45 ದಿನಕ್ಕೆ. ಅಂದರೆ ಸಾಲ್ವೆಂಟ್‌ಗೆ ಹಾಕಿದ ದುಡ್ಡು 120 ದಿನ ಹೊರಗಿರುತ್ತದೆ. ವರ್ಷವನ್ನು 360 ದಿನ ಎಂದುಕೊಂಡರೆ ಮೂರೇ ಸುತ್ತು, ಗಳಿಕೆ 15. ಅಡಿಟಿವ್ ದುಡ್ಡು 165 ದಿನ ಹೊರಗಿರುತ್ತದೆ. ಎರಡು ಸುತ್ತಿಗೆ ಸ್ವಲ್ಪ ಜಾಸ್ತಿ, ಗಳಿಕೆ ಸುಮಾರು 48. ಸಮ ಕಂಡದ್ದು ಮೂರು ಪಟ್ಟು ದೂರ ಹೋಯಿತು! ಆ 15ರಲ್ಲಿ ಬ್ಯಾಂಕಿನ ಬಡ್ಡಿ, ಸಾಗಣೆಯಲ್ಲಿ ಸೋರಿದ್ದು, ಗೋದಾಮಿನ ಬಾಡಿಗೆ ಕಳೆದರೆ ಏನುಳಿದೀತು?

ಪೂರೈಕೆದಾರ ಕೊಡುವ ಗಡುವನ್ನೂ ಇದರಲ್ಲಿ ಕಳೆಯಬೇಕು. ಅವನು 60 ದಿನ ಕೊಟ್ಟರೆ ಸಾಲ್ವೆಂಟಿನ 120 ದಿನದಲ್ಲಿ ನಮ್ಮ ದುಡ್ಡು ಹೊರಗಿರುವುದು 60 ದಿನವಷ್ಟೇ. ಆಗ ಚಿತ್ರ ಮತ್ತೆ ಬದಲಾಗುತ್ತದೆ. ಅದಕ್ಕೇ ಈ ಲೆಕ್ಕವನ್ನು ಕಂಪನಿಗೆ ಒಟ್ಟಾಗಿ ಮಾಡಬಾರದು. ಸರಕಿನ ಗುಂಪು ಒಂದೊಂದಕ್ಕೂ, ದೊಡ್ಡ ಗಿರಾಕಿ ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಬೇಕು. ದೊಡ್ಡ ಗಿರಾಕಿ ಎಂದು ತಲೆ ಮೇಲೆ ಹೊತ್ತುಕೊಂಡವರೇ ದುಡ್ಡು ನುಂಗುತ್ತಿರುವುದು ಇಲ್ಲಿ ಗೊತ್ತಾಗುತ್ತದೆ.

ಆಮೇಲೆ ಒಡೆಯಿರಿ

ಈಗ ಎರಡು ವಿಭಾಗ. ಜರ್ಮನಿಯ ಬ್ರೆಂಟಾಗ್ ಕಂಪನಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದೆ. 1874ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಈ ಕಂಪನಿ ಮೊದಲು ಮಾರುತ್ತಿದ್ದದ್ದು ಮೊಟ್ಟೆ! ರಾಸಾಯನಿಕಕ್ಕೆ ಬಂದದ್ದು ಆಮೇಲೆ. ವ್ಯಾಪಾರಿ ತನ್ನ ಸರಕನ್ನೇ ಬದಲಿಸಬಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬಹುಕಾಲ ಅದು ಪ್ರದೇಶವಾರು ವಿಭಾಗಗಳಲ್ಲಿ ನಡೆಯುತ್ತಿತ್ತು. 2021ರ ಜನವರಿಯಿಂದ ಅದನ್ನು ಬಿಟ್ಟು ಎಸೆನ್ಷಿಯಲ್ಸ್, ಸ್ಪೆಷಾಲಿಟೀಸ್ ಎಂಬ ಎರಡು ಜಾಗತಿಕ ವಿಭಾಗ ಮಾಡಿಕೊಂಡಿತು. ನೆದರ್ಲೆಂಡ್ಸ್‌ನ ಐಎಂಸಿಡಿಯದು ಇನ್ನೊಂದು ದಾರಿ. ಅದು ಸ್ಪೆಷಾಲಿಟಿ ಮೇಲೇ ಗಮನ ಇಟ್ಟು ಬೆಳೆದಿದೆ.

ಸಣ್ಣ ಕಂಪನಿಗೆ ಜಾಗತಿಕ ವಿಭಾಗ ಬೇಡ. ಎಂಟು ಜನರ ಮಾರಾಟ ತಂಡವಿದ್ದರೂ ಒಡೆಯಬಹುದು. ಕಮಾಡಿಟಿ ಕಡೆ ಒಬ್ಬ ಗಟ್ಟಿ ಖರೀದಿದಾರ, ಸಾಗಣೆ ನೋಡುವ ಒಬ್ಬರು, ಫೋನಿನಲ್ಲೇ ಆರ್ಡರ್ ಮುಗಿಸುವ ಇಬ್ಬರು ಸಾಕು. ಅಲ್ಲಿ ಎಂಜಿನಿಯರ್ ಕಳಿಸಿ ಗಿರಾಕಿಯ ಜೊತೆ ಗಂಟೆಗಟ್ಟಲೆ ಕೂರಿಸುವುದು ಸುಮ್ನೆ ಖರ್ಚು. ಸ್ಪೆಷಾಲಿಟಿ ಕಡೆ ಉಲ್ಟಾ. ಅಲ್ಲಿ ಸರಕಿನ ಹೆಸರಿಗಿಂತ ಗಿರಾಕಿಯ ಉದ್ಯಮ ಮುಖ್ಯ. ಬಣ್ಣದವರಿಗೆ ಒಬ್ಬರು, ಆಹಾರ ಉದ್ಯಮದವರಿಗೆ ಒಬ್ಬರು, ಇಬ್ಬರಿಗೂ ರಸಾಯನಶಾಸ್ತ್ರ ಗೊತ್ತಿರಬೇಕು. ಒಂದು ಸಣ್ಣ ಲ್ಯಾಬ್ ಇದ್ದರೆ ಇನ್ನೂ ಒಳ್ಳೆಯದು. ಮಾದರಿ ತಯಾರಿಸಿ ತೋರಿಸಿದ ವ್ಯಾಪಾರಿಯನ್ನು ಗಿರಾಕಿ ಸುಲಭಕ್ಕೆ ಬಿಡುವುದಿಲ್ಲ.

ಒಡೆಯಬಾರದ್ದೂ ಇದೆ. ಗೋದಾಮು, ಸುರಕ್ಷತೆ, ಉದ್ರಿ ಮಿತಿ ತೀರ್ಮಾನ ಈ ಮೂರು ಎರಡೂ ವಿಭಾಗಕ್ಕೆ ಒಂದೇ ಇರಲಿ. ಅದರಲ್ಲೂ ಉದ್ರಿ. ಎರಡೂ ವಿಭಾಗ ಒಬ್ಬನೇ ಗಿರಾಕಿಗೆ ಬೇರೆ ಬೇರೆ ಮಿತಿ ಕೊಟ್ಟರೆ ಅವನು ಮುಳುಗುವಾಗ ಎರಡನ್ನೂ ಎಳೆದುಕೊಂಡು ಹೋಗುತ್ತಾನೆ.

ಒಬ್ಬ ಗಿರಾಕಿಯ ಬಾಗಿಲಿಗೆ ಇಬ್ಬರು ಹೋಗುವುದು ಗೊಂದಲವಲ್ಲವೇ ಎಂದು ಕೇಳುತ್ತಾರೆ. ಹೌದು, ಗೊಂದಲವೇ. ಅದಕ್ಕೆ ಪ್ರತಿ ದೊಡ್ಡ ಗಿರಾಕಿಗೆ ಒಬ್ಬರನ್ನು ಹೊಣೆ ಮಾಡಿ. ಇನ್ನೊಬ್ಬರು ಹೋಗುವುದಿದ್ದರೆ ಅವರಿಗೆ ಹೇಳಿಯೇ ಹೋಗಲಿ.

ಕಮಿಷನ್ ಬದಲಿಸದೆ ಏನೂ ಬದಲಾಗದು

ನನ್ನ ಲೆಕ್ಕದಲ್ಲಿ ಮರುಸಂಘಟನೆಯ ಜೀವಾಳ ಇದೇ. ಟನ್ ಲೆಕ್ಕದಲ್ಲಿ ಕಮಿಷನ್ ಕೊಟ್ಟರೆ ಮಾರಾಟದವರು ಟನ್ ತರುತ್ತಾರೆ. ದರ ಇಳಿಸುತ್ತಾರೆ, ಗಡುವು ಉದ್ದ ಮಾಡುತ್ತಾರೆ, ತಿಂಗಳ ಕೊನೆಯ ದಿನ ಗಿರಾಕಿಯ ಅಂಗಳಕ್ಕೆ ಬೇಡದ ಡ್ರಮ್ ಇಳಿಸುತ್ತಾರೆ. ಅವರ ತಪ್ಪಲ್ಲ, ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ.

ಕಮಿಷನ್ ಅನ್ನು ಒಟ್ಟು ಲಾಭದ ಮೇಲೆ ಕೊಡಿ. ಅದನ್ನೂ ಬಿಲ್ ಹಾಕಿದಾಗ ಅಲ್ಲ, ದುಡ್ಡು ಬಂದಾಗ. ಗಡುವು ಮೀರಿದ ದಿನಗಳಿಗೆ ಬಡ್ಡಿ ಲೆಕ್ಕ ಹಾಕಿ ಅದರಲ್ಲೇ ಕಳೆಯಿರಿ. ಸ್ಪೆಷಾಲಿಟಿಯಲ್ಲಿ ಇನ್ನೊಂದು ತೊಡಕಿದೆ. ಮಾದರಿ ಕೊಟ್ಟು, ಪರೀಕ್ಷೆ ಮುಗಿದು, ಮೊದಲ ಆರ್ಡರ್ ಬರಲು ವರ್ಷವೇ ಹಿಡಿಯಬಹುದು. ಅಲ್ಲಿಯವರೆಗೆ ಆ ಮನುಷ್ಯ ಬದುಕುವುದು ಹೇಗೆ? ಅಲ್ಲಿ ಸಂಬಳ ಹೆಚ್ಚು, ಕಮಿಷನ್ ಕಡಿಮೆ ಇಡಬೇಕು. ಎಷ್ಟು ಪರೀಕ್ಷೆ ಶುರುವಾದವು, ಎಷ್ಟು ಒಪ್ಪಿಗೆಯಾದವು ಎಂದು ಅಳೆಯಬೇಕು.

ಹೊಸ ಪದ್ಧತಿ ಜಾರಿಯಾದಾಗ ಒಬ್ಬಿಬ್ಬರು ಹಳಬರು ಬಿಟ್ಟು ಹೋಗಬಹುದು. ಅವರ ಗಿರಾಕಿಗಳನ್ನು ಮಾಲೀಕರೇ ಮೊದಲೇ ಹೋಗಿ ಭೇಟಿಯಾಗಿರುವುದು ಜಾಣತನ.

ಬೆಳೆಯುವ ದಾರಿಗಳು

ಸುಲಭದಿಂದ ಕಷ್ಟಕ್ಕೆ ಹೋಗಿ. ಈಗಿರುವ ಗಿರಾಕಿ ಬೇರೆಯವರಿಂದ ಏನು ಕೊಳ್ಳುತ್ತಿದ್ದಾನೆ ಎಂದು ತಿಳಿಯುವುದು ಎಲ್ಲಕ್ಕಿಂತ ಅಗ್ಗದ ದಾರಿ. ಮುಂದಿನದು ಸೇವೆ. ಟ್ಯಾಂಕರಿನಲ್ಲಿ ತರಿಸಿ 200 ಲೀಟರ್ ಡ್ರಮ್ಮಿಗೋ 1000 ಲೀಟರಿನ ಐಬಿಸಿ ಎಂಬ ದೊಡ್ಡ ತೊಟ್ಟಿಗೋ ತುಂಬಿಸಿ ಕೊಡುವುದು. ಎರಡು ಸಾಲ್ವೆಂಟ್ ಬೆರೆಸಿ ಗಿರಾಕಿಗೆ ಬೇಕಾದ ಹದಕ್ಕೆ ಕೊಡುವುದು. ತಯಾರಕರಿಗೆ ಇಂಥ ಚಿಲ್ಲರೆ ಕೆಲಸ ಬೇಡ, ಗಿರಾಕಿಗೆ ಬೇಕು. ನಡುವಿನ ಆ ಜಾಗದಲ್ಲೇ ವ್ಯಾಪಾರಿಯ ಲಾಭ ಇರುವುದು.

ಹೊಸ ಏಜೆನ್ಸಿ, ಅಂದರೆ ಒಬ್ಬ ತಯಾರಕನ ಸರಕು ಮಾರುವ ಹಕ್ಕು, ಹಿಡಿಯುವುದೂ ಬೆಳವಣಿಗೆಯೇ. ಆದರೆ ಒಪ್ಪಂದ ಓದಿ ಸಹಿ ಹಾಕಿ. ನೀವು ಐದು ವರ್ಷ ಬೆವರು ಸುರಿಸಿ ಮಾರುಕಟ್ಟೆ ಮಾಡಿಕೊಟ್ಟ ಮೇಲೆ ತಯಾರಕ ನೇರವಾಗಿ ಮಾರಲು ಇಳಿಯುವುದು ಈ ಧಂದೆಯಲ್ಲಿ ಹಳೇ ಕಥೆ. ಎಷ್ಟು ತಿಂಗಳ ಮುನ್ಸೂಚನೆ, ಉಳಿದ ದಾಸ್ತಾನನ್ನು ಯಾರು ವಾಪಸ್ ಕೊಳ್ಳಬೇಕು, ಯಾವ ಗಿರಾಕಿಗಳನ್ನು ಅವರು ಮುಟ್ಟುವಂತಿಲ್ಲ, ಈ ಮೂರು ಬರಹದಲ್ಲಿರಲಿ.

ಇನ್ನೊಂದು ಕಂಪನಿಯನ್ನೇ ಕೊಳ್ಳುವುದು ಕೊನೆಯ ದಾರಿ. ಕೊಂಡದ್ದನ್ನೆಲ್ಲ ಇಟ್ಟುಕೊಳ್ಳಬೇಕೆಂದಿಲ್ಲ. ಅಮೆರಿಕದ ಯೂನಿವಾರ್ 2019ರಲ್ಲಿ ನೆಕ್ಸಿಯೊ ಸೊಲ್ಯೂಷನ್ಸ್ ಕಂಪನಿಯನ್ನು ಕೊಂಡಿತು. ಅದರ ಪ್ಲಾಸ್ಟಿಕ್ ವ್ಯಾಪಾರವನ್ನು ಅದೇ ವರ್ಷ ಬೇರೆಯವರಿಗೆ ಮಾರಿ, ರಾಸಾಯನಿಕದ ಭಾಗವನ್ನು ಇಟ್ಟುಕೊಂಡಿತು. ಕೊಳ್ಳುವ ಮೊದಲೇ ಏನು ಬೇಡ ಎಂದು ಗೊತ್ತಿರಬೇಕು. ಇನ್ನು ಗೋದಾಮಿನ ಮಣ್ಣಿನ ಪರೀಕ್ಷೆ ಮಾಡಿಸದೆ ಹಳೇ ರಾಸಾಯನಿಕ ಕಂಪನಿಯನ್ನು ಕೊಳ್ಳಲೇಬೇಡಿ. ಹತ್ತಾರು ವರ್ಷ ನೆಲಕ್ಕೆ ಸೋರಿದ್ದನ್ನು ಶುಚಿ ಮಾಡುವ ಖರ್ಚು ನಿಮ್ಮ ತಲೆಗೇ ಬರಬಹುದು.

ಗೋದಾಮು ಬೆಳವಣಿಗೆಗೆ ತಯಾರಿದೆಯೇ?

ಬೇರೆ ಸರಕಿನ ವ್ಯಾಪಾರಿಗೆ ಈ ಪ್ರಶ್ನೆ ಅಷ್ಟಾಗಿ ಬರದು. ಇಲ್ಲಿ ಇದೇ ಮೊದಲ ಪ್ರಶ್ನೆಯಾಗಬೇಕಿತ್ತು. 50 ಶೇಕಡಾ ಕಾಸ್ಟಿಕ್ ಸೋಡಾ ದ್ರಾವಣ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗಲು ಶುರುವಾಗುತ್ತದೆ. ಗ್ಲೇಶಿಯಲ್ ಅಸಿಟಿಕ್ ಆಸಿಡ್ 16.6 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಅಸಿಟೋನಿನ ಆವಿ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಬೆಂಕಿ ಹಿಡಿಯಬಲ್ಲದು. ಹೈಡ್ರೋಜನ್ ಪೆರಾಕ್ಸೈಡ್‌ನಂಥ, ಬೆಂಕಿಗೆ ಆಮ್ಲಜನಕ ಒದಗಿಸುವ ಆಕ್ಸಿಡೈಸರ್ ಪಕ್ಕದಲ್ಲಿ ಸಾಲ್ವೆಂಟ್ ಇಡುವಂತಿಲ್ಲ. ಆಸಿಡ್ ಹತ್ತಿರ ಸಯನೈಡ್ ಇಡುವಂತಿಲ್ಲ, ಸೇರಿದರೆ ವಿಷಾನಿಲ. ಹೊಸ ಸರಕು ಸೇರಿಸುವಾಗ ಮಾರಾಟದವರು ಹೂಂ ಅಂದರೆ ಸಾಲದು. ಗೋದಾಮಿನವರಿಗೆ ಬೇಡ ಎನ್ನುವ ಅಧಿಕಾರ ಇರಬೇಕು.

2015ರ ಆಗಸ್ಟ್ 12ರಂದು ಚೀನಾದ ತಿಯಾಂಜಿನ್ ಬಂದರಿನ ಗೋದಾಮಿನಲ್ಲಿ ತೇವ ಆರಿದ ನೈಟ್ರೋಸೆಲ್ಯುಲೋಸ್ ತಾನೇ ಕಾದು ಹೊತ್ತಿಕೊಂಡಿತು. ಬೆಂಕಿ ಅಮೋನಿಯಂ ನೈಟ್ರೇಟ್‌ಗೆ ಹರಡಿ ಸ್ಫೋಟಿಸಿತು. 165 ಜನ ಸತ್ತರು, 8 ಜನ ಸಿಗಲೇ ಇಲ್ಲ.

ಕಾಗದವೂ ಅಷ್ಟೇ ಅಪಾಯ. 2006ರಲ್ಲಿ ಪನಾಮಾದಲ್ಲಿ ಕೆಮ್ಮಿನ ಸಿರಪ್ ಕುಡಿದವರು ಸಾಯತೊಡಗಿದರು. ಅದಕ್ಕೆ ಬಳಸಿದ ಡ್ರಮ್‌ಗಳ ಮೇಲೆ ಗ್ಲಿಸರಿನ್ ಎಂದಿತ್ತು. ಒಳಗಿದ್ದದ್ದು ವಿಷಕಾರಿ ಡೈಎಥಿಲೀನ್ ಗ್ಲೈಕಾಲ್. ಚೀನಾದಿಂದ ಹೊರಟ ಸರಕು ಸ್ಪೇನ್ ವ್ಯಾಪಾರಿಯ ಮೂಲಕ ಪನಾಮಾ ಸೇರಿತ್ತು. ದಾರಿಯಲ್ಲಿ ಕಾಗದ ಕೈ ಬದಲಿಸುತ್ತಾ ಹೋದಂತೆ ನಿಜವಾದ ತಯಾರಕನ ಹೆಸರು ಅಳಿಸಿಹೋಗಿತ್ತು. ನಡುವಿನವರು ಯಾರೂ ಒಳಗಿರುವುದೇನೆಂದು ಪರೀಕ್ಷಿಸಿರಲಿಲ್ಲ.

ಹಾಗಾಗಿ ಔಷಧ, ಆಹಾರಕ್ಕೆ ಹೋಗುವ ಸರಕಿಗೆ ತಯಾರಕನ ಮೂಲ ಪರೀಕ್ಷಾ ಪ್ರಮಾಣಪತ್ರ, ಬ್ಯಾಚ್ ಸಂಖ್ಯೆ, ಬಂದ ದಿನ, ಹೋದ ಗಿರಾಕಿ ಎಲ್ಲವೂ ಒಂದೇ ದಾರದಲ್ಲಿ ಸಿಗುವಂತಿರಲಿ. ಸರಕಿನ ಅಪಾಯ, ಮುನ್ನೆಚ್ಚರಿಕೆ ತಿಳಿಸುವ 16 ವಿಭಾಗಗಳ ಸೇಫ್ಟಿ ಡೇಟಾ ಶೀಟ್ ಪ್ರತಿ ಸರಕಿಗೂ ಹೊಸದಾಗಿರಲಿ. ಸಾಧ್ಯವಿಲ್ಲ ಎನಿಸಿದರೆ ಆ ವಲಯಕ್ಕೆ ಇಳಿಯಬೇಡಿ.

ಒಮ್ಮೆಗೇ ಬೇಡ

ಮೊದಲ ಮೂರು ತಿಂಗಳು ಹೆಸರಿನ ಪಟ್ಟಿ ಮತ್ತು ದುಡ್ಡಿನ ಲೆಕ್ಕ. ಮುಂದಿನ ಮೂರು ತಿಂಗಳು ಸ್ಪೆಷಾಲಿಟಿಯ ಒಂದೇ ಒಂದು ಉದ್ಯಮ ಆರಿಸಿ ಅದಕ್ಕೆ ಪ್ರತ್ಯೇಕ ತಂಡ. ಅದು ನಡೆದರೆ ಉಳಿದವು. ಕಮಿಷನ್ ಬದಲಾವಣೆಯನ್ನು ಹಣಕಾಸು ವರ್ಷದ ಮೊದಲ ದಿನವೇ ಮಾಡಿ. ನಡುವೆ ಮಾಡಿದರೆ ಜಗಳ ಖಂಡಿತ.

ಪ್ರತಿ ಸೋಮವಾರ ಎರಡೂ ವಿಭಾಗದ ಮುಖ್ಯಸ್ಥರು ಗೋದಾಮಿನ ಉಸ್ತುವಾರಿ ಜೊತೆ ಅರ್ಧ ಗಂಟೆ ಕೂರಲಿ. ಮೇಜಿನ ಮೇಲೆ ಮೂರೇ ಕಾಗದ: ಗಡುವು ಮೀರಿದ ಬಾಕಿ, 90 ದಿನ ದಾಟಿಯೂ ಅಲುಗಾಡದ ದಾಸ್ತಾನು, ಇನ್ನು ಎರಡು ತಿಂಗಳಲ್ಲಿ ಅವಧಿ ಮುಗಿಯುವ ಬ್ಯಾಚ್‌ಗಳು. ಮಾರಾಟದ ಅಂಕಿ ಆ ಸಭೆಗೆ ಬೇಡ. ಅದನ್ನು ಹೇಗೂ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ.