ಪಿಸುಮಾತಿಗೆ ಎರಡು ಡಿಶ್: ಶಾಲೆಯ ಪಡಸಾಲೆಯಲ್ಲಿ ಒಂದು ವಿಜ್ಞಾನ ಮಾದರಿ

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿದ ಮಕ್ಕಳು ಮೊದಲು ಮಾಡುವುದು ಕೂಗುವುದು. ಎಲ್ಲರೂ ಒಮ್ಮೆಲೇ ಕೂಗಿದ ಮೇಲೆ ಪಿಸುಮಾತು ಯಾರಿಗೂ ಕೇಳುವುದಿಲ್ಲ, ದೂರದ ಪಿಸುಮಾತು ಇಲ್ಲಿ ಕೇಳಿಸುವುದೇಕೆ ಎಂಬ ಪ್ರಶ್ನೆಯೂ ಗದ್ದಲದಲ್ಲಿ ಹೋಗಿಬಿಡುತ್ತದೆ. ಆ ಪ್ರಶ್ನೆಯನ್ನು ಶಾಲೆಯಲ್ಲೇ ಎಬ್ಬಿಸಲು ಎರಡು ಹಳೆಯ ಡಿಶ್ ಸಾಕು: ಎದುರುಬದುರು ನಿಲ್ಲಿಸಿದರೆ ಒಂದರ ಮುಂದೆ ಪಿಸುಗುಟ್ಟಿದ್ದು ದೂರದ ಇನ್ನೊಂದರ ಮುಂದೆ ಕೇಳಿಸುತ್ತದೆ. 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ವಸ್ತುಸಂಗ್ರಹಾಲಯ ತೆರೆದದ್ದು ಬಂದವರೇ ಕೈಯಿಂದ ಮಾಡಿ ನೋಡಲಿ ಎಂದು. ಈ ಮಾದರಿಗೂ ಅದೇ ಕ್ರಮ: ಮೊದಲು ಮಾಡುವುದು, ಆಮೇಲೆ ಕೇಳುವುದು, ಕೊನೆಗೆ ವಿವರಿಸುವುದು.

ಮನೆ ಮೇಲಿನ 60 ಸೆಂಟಿಮೀಟರಿನ ಡಿಟಿಎಚ್ ಡಿಶ್ ಇದಕ್ಕೆ ಬಾರದು. ಅದರ ನಾಭಿ, ಅಂದರೆ ತಟ್ಟೆಗೆ ಬಡಿದ ಅಲೆಗಳು ಬಂದು ಕೂಡುವ ಬಿಂದು, ನಡುವಿಗೆ ನೇರವಾಗಿರದೆ ಓರೆಯಾಗಿರುತ್ತದೆ, ಗಾತ್ರವೂ ಸಾಲದು. 1000 ಹರ್ಟ್ಸ್ ಸದ್ದಿನ ಅಲೆಯೇ ಸುಮಾರು 34 ಸೆಂಟಿಮೀಟರ್ ಉದ್ದ. ತಟ್ಟೆ ಅಲೆಗಿಂತ ಹಲವು ಪಟ್ಟು ದೊಡ್ಡದಿದ್ದರೆ ಮಾತ್ರ ಸದ್ದು ಒಂದೆಡೆ ಕೂಡುತ್ತದೆ. ಕೇಬಲ್ ಟಿವಿಯವರ ಬಳಿ, ಇಲ್ಲವೇ ಗುಜರಿ ಅಂಗಡಿಯಲ್ಲಿ, ನಡುವಿಗೆ ನೇರ ನಾಭಿ ಇರುವ 4ರಿಂದ 6 ಅಡಿಯ ಒಂದೇ ಅಳತೆಯ ಜೋಡಿ ಹುಡುಕಿ. ಜಾಲರಿಯದು ಸಿಕ್ಕರೆ ಒಂದು ಕೆಲಸ ಹೆಚ್ಚು. ರೇಡಿಯೋ ಅಲೆಯನ್ನು ಜಾಲರಿ ತಡೆಯುತ್ತದೆ. ಸದ್ದು ಗಾಳಿಯ ಅಲುಗಾಟವಾದ್ದರಿಂದ ತೂತುಗಳಲ್ಲಿ ನುಸುಳಿ ಹೋಗುತ್ತದೆ. ಒಳಮೈಗೆ ಹಳೆ ಪತ್ರಿಕೆಯ ತುಂಡುಗಳನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಆರೇಳು ಪದರ ಅಂಟಿಸಿ. ಎರಡು ಪದರಕ್ಕೊಮ್ಮೆ ಪೂರ್ತಿ ಒಣಗಲು ಬಿಡಿ, ಇಲ್ಲದಿದ್ದರೆ ಹಸಿ ಕಾಗದ ಭಾರಕ್ಕೆ ಜೋತು ಬಿದ್ದು ಬಾಗು ಕೆಡುತ್ತದೆ. ಮೈದಾ ಅಂಟು ಅಗ್ಗ ನಿಜ, ಆದರೆ ಜಿರಲೆ ಬಿಡುವುದಿಲ್ಲ.

ನಾಭಿಯನ್ನು ಕಣ್ಣಂದಾಜಿನಲ್ಲಿ ಗುರುತಿಸಬೇಡಿ. ಅಂಚಿನಿಂದ ಅಂಚಿಗೆ ಸುತಳಿ ಬಿಗಿದು, ಸುತಳಿಯಿಂದ ತಳದವರೆಗೆ ಆಳ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದ 16 ಪಟ್ಟಿನಿಂದ ಭಾಗಿಸಿ. ಅಗಲ 120, ಆಳ 20 ಸೆಂಟಿಮೀಟರ್ ಇದ್ದರೆ 14400ನ್ನು 320ರಿಂದ ಭಾಗಿಸಿ 45. ಅಂದರೆ ತಳದಿಂದ 45 ಸೆಂಟಿಮೀಟರ್ ಮುಂದೆ. ಏಳನೇ ತರಗತಿಯವರು ಇದನ್ನು ಮಾಡಬಲ್ಲರು, ಅವರಿಂದಲೇ ಮಾಡಿಸಿ.

ಅಲ್ಲಿಗೆ 8 ಮಿಲಿಮೀಟರ್ ಸರಳಿನ, ಒಂದು ಗೇಣಗಲದ ಬಳೆಯೊಂದನ್ನು ವೆಲ್ಡಿಂಗ್ ಮಾಡಿಸಿ ನಿಲ್ಲಿಸಿ. ಬಾಯಿ, ಕಿವಿ ಇಡುವುದು ಅದರಲ್ಲೇ. ಬಳೆಯ ನಡು ನೆಲದಿಂದ 115 ಸೆಂಟಿಮೀಟರ್ ಎತ್ತರಕ್ಕಿರಲಿ. ಐದನೇ ತರಗತಿಯ ಮಗುವಿಗೆ ಅದು ಸರಿಹೋಗುತ್ತದೆ, ದೊಡ್ಡವರು ಬಗ್ಗುತ್ತಾರೆ. ತಟ್ಟೆಗಳನ್ನು 15 ಮೀಟರ್ ಅಂತರದಲ್ಲಿ ಎದುರುಬದುರು ಆಂಗಲ್ ಪಟ್ಟಿಯ ಸ್ಟ್ಯಾಂಡಿಗೆ ಬೋಲ್ಟ್ ಹಾಕಿ ನಿಲ್ಲಿಸಿ. ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಬೇಕೇ ಬೇಕು, ಮಕ್ಕಳು ಜೋತು ಬೀಳುತ್ತಾರೆ. ತಟ್ಟೆ ಒಂದು ಡಿಗ್ರಿ ತಪ್ಪಿದರೂ 15 ಮೀಟರಿಗೆ 26 ಸೆಂಟಿಮೀಟರ್ ತಪ್ಪಿರುತ್ತದೆ. ಹಾಗಾಗಿ ಒಬ್ಬರು ಒಂದು ಬಳೆಯಲ್ಲಿ ಒಂದೇ ಸಮ ಪಿಸುಗುಟ್ಟುತ್ತಿರಲಿ, ಇನ್ನೊಬ್ಬರು ಆ ಕಡೆ ಕಿವಿಯಿಟ್ಟು ತಟ್ಟೆಯನ್ನು ತುಸು ತುಸುವೇ ತಿರುಗಿಸಿ, ಮಾತು ತಿಳಿಯಾದಲ್ಲಿ ಬೋಲ್ಟ್ ಬಿಗಿಯಲಿ.

ಹೊರಗಿಡುವುದಾದರೆ ಎಚ್ಚರ. ಹೊಳೆಯುವ ತಟ್ಟೆ ಬಿಸಿಲನ್ನೂ ಅದೇ ನಾಭಿಗೆ ಕೂಡಿಸುತ್ತದೆ, ಮುಖ ಇಡುವ ಜಾಗ ಅದೇ. ಒಳಮೈಗೆ ಹೊಳಪಿಲ್ಲದ ಬಣ್ಣ ಬಳಿಯಿರಿ, ಜೋಡಿಯನ್ನು ಉತ್ತರ–ದಕ್ಷಿಣವಾಗಿ ಇಡಿ. ಪೂರ್ವ–ಪಶ್ಚಿಮವಾದರೆ ಏರುವ, ಇಳಿಯುವ ಸೂರ್ಯ ನೇರ ಎದುರಾಗುತ್ತಾನೆ. ನೆರಳಿನ ಪಡಸಾಲೆ ಎಲ್ಲಕ್ಕಿಂತ ಒಳ್ಳೆಯದು.

ಮಾದರಿ ಸರಿಯಿದ್ದೂ ಸೋಲುವುದು ಒಂದೇ ಕಾರಣಕ್ಕೆ: ಬಂದವರು ಗೆಳೆಯನ ಕಡೆ ಮುಖ ಮಾಡಿ ಮಾತಾಡುತ್ತಾರೆ, ತಟ್ಟೆಗೆ ಬೆನ್ನು ಬಿದ್ದಿರುತ್ತದೆ. ಫಲಕದಲ್ಲಿ ಬರೆದರೆ ಓದುವವರು ಕಡಿಮೆ. ನೆಲದ ಮೇಲೆ ತಟ್ಟೆಯ ಕಡೆ ಮುಖವಾದ ಎರಡು ಹೆಜ್ಜೆ ಗುರುತು ಬಳಿಯಿರಿ, ಕಾಲು ತಾನಾಗಿ ಅಲ್ಲಿ ನಿಲ್ಲುತ್ತದೆ. ಫಲಕ ಊರ ಮಾತಿನಲ್ಲೇ ಇರಲಿ: "ಬಳಿಯೊಳಗ ಬಾಯಿಟ್ಟು ಸಣ್ಣಗ ಮಾತಾಡ್ರಿ. ಆ ಕಡಿ ಇದ್ದವರಿಗೆ ಕೇಳಸ್ತದೇನು?" ಅಷ್ಟೇ. ಉತ್ತರವನ್ನು ಮಡಚುವ ಹಲಗೆಯ ಕೆಳಗೆ ಬರೆಯಿರಿ. ಉತ್ತರ ಮೊದಲೇ ಕಂಡರೆ ಮಾಡಿ ನೋಡುವ ಆಸೆ ಅರ್ಧ ಹೋಗುತ್ತದೆ.

ಪಕ್ಕದಲ್ಲಿ ನಿಲ್ಲುವ ಶಿಕ್ಷಕರು, ಅಕ್ಕಂದಿರು ವಿವರಣೆಗೆ ಅವಸರ ಮಾಡಬಾರದು. "ಬಳೆಯಿಂದ ಮುಖ ಒಂದು ಗೇಣು ಹಿಂದೆ ತಂದರೆ ಏನಾಗ್ತದ?" ಎಂದು ಕೇಳಿ ಕನಿಷ್ಠ ಮೂರು ಸೆಕೆಂಡು ಸುಮ್ಮನಿರಿ. ಆ ಮೌನ ಕಷ್ಟ, ಆದರೆ ಮಗು ಯೋಚಿಸುವುದು ಅಷ್ಟರಲ್ಲೇ.

ಇಷ್ಟಾದ ಮೇಲೆ ಗೋಳಗುಮ್ಮಟಕ್ಕೆ ಕರೆದೊಯ್ಯಿರಿ, ಜನ ಸೇರುವ ಮುಂಚೆ, ಬೆಳಿಗ್ಗೆ. ಎರಡೂ ಒಂದೇ ಎಂದು ಮಾತ್ರ ಹೇಳಬೇಡಿ. ತಟ್ಟೆ ಸದ್ದನ್ನು ಒಂದು ಬಿಂದುವಿಗೆ ಕೂಡಿಸುತ್ತದೆ. ಗ್ಯಾಲರಿಯಲ್ಲಿ ಪಿಸುಮಾತು ಗುಂಡಗಿನ ಗೋಡೆಯನ್ನು ಹಿಡಿದುಕೊಂಡೇ ಸುತ್ತಿ ಬರುತ್ತದೆ. ಒಬ್ಬರನ್ನು ಗೋಡೆಗೆ ಹತ್ತಿ ನಿಲ್ಲಿಸಿ, ಇನ್ನೊಬ್ಬರನ್ನು ಕಟಾಂಜನದ ಕಡೆ ನಿಲ್ಲಿಸಿ, ಯಾರಿಗೆ ಚೆನ್ನಾಗಿ ಕೇಳಿಸಿತು ಎಂದು ಮಕ್ಕಳೇ ಬರೆದುಕೊಳ್ಳಲಿ.